ಮುಂಬಯಿಯಲ್ಲಿ ಒಂದು ಸ್ವಂತ ಕೋಣೆ: ಬಣ್ಣ ಬಳಿಯುವ ಮೊದಲು ನೋಡಬೇಕಾದುವು

ರಾತ್ರಿ ಹನ್ನೊಂದು ಗಂಟೆಗೆ ಹೋಟೇಲಿನ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಮೇಜುಗಳನ್ನು ಗೋಡೆಯ ಬದಿಗೆ ಸರಿಸಿ, ಆ ತೆರವಿನಲ್ಲಿಯೇ ಹಾಸಿಗೆ ಬಿಡಿಸಿ ಮಲಗಿದ ದಿನಗಳು ಈ ಮಹಾನಗರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ನೆನಪಿರಬಹುದು. ಊರಿನಿಂದ ಬಂದ ಹುಡುಗನಿಗೆ ಅನ್ನವೂ ಆಸರೆಯೂ ಒಂದೇ ಕಡೆಯಲ್ಲಿ ದೊರೆಯುವುದರಿಂದ, ಮನೆ ಎಂಬುದು ಒಂದು ಪ್ರತ್ಯೇಕ ಪ್ರಶ್ನೆಯಾಗಿ ಆಗ ಅವನಿಗೆ ತೋರುವುದಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೆಯೋ, ಮಾಲಕರು ಹೋಟೇಲನ್ನು ಮಾರಿದಾಗಲೋ, ಕೈಕಾಲುಗಳ ಕಸುವು ಕುಂದಿದಾಗಲೋ ಆ ಪ್ರಶ್ನೆಯು ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ಕಚೇರಿಯ ಗುಮಾಸ್ತನ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿ ಬಾಡಿಗೆಯ ಮನೆ ಬದಲಿಸುವ ಸಂಸಾರದ ಕಷ್ಟವನ್ನು ಅನುಭವಿಸಿದವರೇ ಬಲ್ಲರು.

ಇಂಥವರ ನಡುವೆ ಈಚೆಗೆ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಹಳೆಯದಾದ ಸಣ್ಣ ಫ್ಲ್ಯಾಟೊಂದನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಡಬೇಕು ಇಲ್ಲವೆ ಲಾಭಕ್ಕೆ ಮಾರಬೇಕು. ಬ್ಯಾಂಕಿನ ಸಾಲವನ್ನು ಬಾಡಿಗೆಯೇ ತೀರಿಸುತ್ತದೆ ಎಂಬುದೇ ಆ ಮಾತು. ಕೇಳಲು ಇದು ಇಂಪಾಗಿದೆ. ಆದರೆ ಅದರ ಬೆನ್ನು ಹತ್ತಿದವನು ತೊಡಗಿಸುವ ಹಣವಾದರೂ ಯಾವುದು? ಇಪ್ಪತ್ತು ವರುಷಗಳ ಭವಿಷ್ಯನಿಧಿ, ಹೆಂಡತಿಯ ಮೈಮೇಲಿನ ಬಂಗಾರ, ಊರಿನ ಗದ್ದೆಯಲ್ಲಿ ತನಗೆ ಬಂದ ಪಾಲು. ಈ ಹಣವು ಒಮ್ಮೆ ಕೈತಪ್ಪಿದರೆ ಮತ್ತೆ ಗಳಿಸಲು ವಯಸ್ಸು ಉಳಿದಿರುವುದಿಲ್ಲ. ಆದುದರಿಂದ ಈ ವಿಷಯವನ್ನು ಉತ್ಸಾಹದಿಂದಲ್ಲ, ಲೆಕ್ಕದಿಂದ ವಿಚಾರಿಸುವುದು ಉಚಿತ.

ಒಂದು ಸ್ವಾನುಭವ

ಈ ಸಾಲುಗಳನ್ನು ಬರೆಯುತ್ತಿರುವವನು ೨೦೦೩ರಲ್ಲಿ ಡೊಂಬಿವಲಿಯ ಹಳೆಯ ಕಟ್ಟಡವೊಂದರ ಕೊನೆಯ ಅಂತಸ್ತಿನಲ್ಲಿ ಒಂದು ಕೋಣೆ ಮತ್ತು ಅಡಿಗೆಮನೆಯ ಫ್ಲ್ಯಾಟನ್ನು ಕೊಂಡನು. ನೋಡಲು ಹೋದುದು ಫೆಬ್ರವರಿ ತಿಂಗಳಿನಲ್ಲಿ. ಗೋಡೆಗಳು ಒಣಗಿ ಬೆಳ್ಳಗಿದ್ದುವು. ಗಾಳಿ ಬೆಳಕು ಚೆನ್ನಾಗಿತ್ತು. ಕೈಯಲ್ಲಿ ಉಳಿದಿದ್ದ ಹಣದಲ್ಲಿ ಹೊಸ ಹಾಸುಬಿಲ್ಲೆಗಳನ್ನು ಕೂಡಿಸಿ, ತಿಳಿಹಸಿರು ಬಣ್ಣ ಬಳಿಸಿ, ಅಕ್ಷಯ ತೃತೀಯೆಯಂದು ಹಾಲುಕ್ಕಿಸಿದ್ದೂ ಆಯಿತು. ಜೂನ್ ತಿಂಗಳ ಎರಡನೆಯ ವಾರದ ಮಳೆಗೆ ಮಾಳಿಗೆಯಿಂದ ನೀರು ಇಳಿಯತೊಡಗಿತು. ಆಗಸ್ಟ್ ಬರುವುದರೊಳಗೆ ಬಣ್ಣವು ಚಪ್ಪಡಿ ಚಪ್ಪಡಿಯಾಗಿ ಕಳಚಿತು. ಛಾವಣಿಯ ಗಾರೆ ಉದುರಿ, ಒಳಗಿನ ಕಬ್ಬಿಣದ ಸಲಾಕೆಗಳು ತುಕ್ಕು ಹಿಡಿದು ಉಬ್ಬಿದ್ದುದು ಕಣ್ಣಿಗೆ ಬಿತ್ತು. ಮಾರಿದಾತನಿಗೆ ಇದು ತಿಳಿದಿರಲಿಲ್ಲವೆಂದು ಹೇಳಲಾಗದು. ಆದರೆ ನಾನೂ ಕೇಳಿರಲಿಲ್ಲ, ನೆರೆಯವರನ್ನು ವಿಚಾರಿಸಿರಲಿಲ್ಲ, ಮಾಳಿಗೆಯ ಮೆಟ್ಟಿಲನ್ನು ಹತ್ತಿ ನೋಡಿರಲಿಲ್ಲ. ಅದೇ ಗೋಡೆಯನ್ನು ಎರಡನೆಯ ಸಲ ಕೆದರಿಸಿ, ಅದೇ ಕೆಲಸಕ್ಕೆ ಎರಡನೆಯ ಸಲ ಹಣ ತೆತ್ತು ಕಲಿತ ಪಾಠವಿದು. ಮುಂದೆ ಹೇಳುವ ಮಾತುಗಳಿಗೆ ಈ ನಷ್ಟವೇ ಗುರು.

ನಮ್ಮವರು ಹಾಕಿಕೊಟ್ಟ ಮೇಲ್ಪಂಕ್ತಿ

ಸಣ್ಣ ಸಂಬಳದ ಜನರು ನಗರದಲ್ಲಿ ಮನೆಮಾಡಿಕೊಳ್ಳುವ ಪ್ರಯತ್ನದಲ್ಲಿ ಕನ್ನಡನಾಡಿನವರು ಹಿಂದುಳಿದವರಲ್ಲ. ಬೆಂಗಳೂರಿನಲ್ಲಿ ೧೯೦೯ರಷ್ಟು ಹಿಂದೆಯೇ ಮನೆ ಕಟ್ಟುವ ಸಹಕಾರಿ ಸಂಘವೊಂದು ಹುಟ್ಟಿತು. ಮುಂಬಯಿಯಲ್ಲಿ ಉತ್ತರ ಕನ್ನಡದ ಮೂಲದವರಾದ ಶ್ರೀಪಾದ ಸುಬ್ರಾಯ ತಲ್ಮಕಿಯವರು ೧೯೦೬ರಲ್ಲಿ ಶ್ಯಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿ, ೧೯೧೫ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘಕ್ಕೆ ತಳಹದಿ ಹಾಕಿದರು. ಅತ್ತ ಉಡುಪಿಯಲ್ಲಿ ೧೯೨೫ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ೨೦೨೦ರ ಏಪ್ರಿಲ್ ೧ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಆ ಪದ್ಧತಿಯು ಕಲಿಸಿದ ಶಿಸ್ತು ಇಂದಿಗೂ ಸವೆದಿಲ್ಲ. ಮೊದಲು ಉಳಿತಾಯ, ಆಮೇಲೆ ಸಾಲ; ಎಲ್ಲಕ್ಕೂ ಕಾಗದ. ಹಿರಿಯರ ಕ್ರಮ ಇದಾಗಿತ್ತು. ಇಂದು ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಸಾಲದಿಂದ ಆರಂಭಿಸುತ್ತಿದ್ದೇವೆ.

ಬೆಲೆ ಬೇರೆ, ವೆಚ್ಚ ಬೇರೆ

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸೋಣ. ದೂರದ ಉಪನಗರದಲ್ಲಿ ಹಳೆಯ ಸಣ್ಣ ಫ್ಲ್ಯಾಟಿನ ಬೆಲೆ ೨೫ ಲಕ್ಷ ರೂಪಾಯಿ ಎಂದು ಭಾವಿಸಿರಿ. ಮುದ್ರಾಂಕ ಶುಲ್ಕವು ಮುಂಬಯಿ ನಗರದೊಳಗೆ ಶೇಕಡಾ ೬, ಥಾಣೆ ಮತ್ತು ಪುಣೆಗಳಂಥ ನಗರಗಳಲ್ಲಿ ಶೇಕಡಾ ೭ ಆಗುತ್ತದೆ. ಕರಾರಿನ ಬೆಲೆ ಮತ್ತು ಸರಕಾರವು ಗೊತ್ತುಪಡಿಸಿದ ಬೆಲೆ, ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಶುಲ್ಕ. ಶೇಕಡಾ ೭ರಂತೆ ೧,೭೫,೦೦೦ ರೂಪಾಯಿ. ನೋಂದಣಿಗೆ ಶೇಕಡಾ ೧ರಂತೆ ೨೫,೦೦೦. ಇದು ೩೦,೦೦೦ವನ್ನು ಮೀರುವುದಿಲ್ಲ. ದಲ್ಲಾಳಿಗೆ ಶೇಕಡಾ ೨ ಎಂದರೆ ೫೦,೦೦೦. ಸಂಘದ ವರ್ಗಾವಣೆಯ ಹಣ ಹೆಚ್ಚೆಂದರೆ ೨೫,೦೦೦. ಇದಕ್ಕಿಂತ ಅಧಿಕವಾಗಿ ವಸೂಲು ಮಾಡಲು ಸಂಘಕ್ಕೆ ಅಧಿಕಾರವಿಲ್ಲ. ದುರಸ್ತಿಗೆ ೨ ಲಕ್ಷ ಹಿಡಿದರೆ ಒಟ್ಟು ವೆಚ್ಚ ೨೯,೭೫,೦೦೦ ರೂಪಾಯಿಯಾಯಿತು. ತಮಿಳುನಾಡು, ಹೈದರಾಬಾದು, ದಿಲ್ಲಿಗಳಲ್ಲಿ ಶುಲ್ಕದ ದರಗಳು ಬೇರೆಯಾದರೂ ಲೆಕ್ಕದ ರೀತಿ ಇದೇ.

ಬ್ಯಾಂಕು ಇದರಲ್ಲಿ ಎಷ್ಟು ಕೊಡುತ್ತದೆ? ರಿಸರ್ವ್ ಬ್ಯಾಂಕಿನ ನಿಯಮದಂತೆ ೩೦ ಲಕ್ಷದವರೆಗಿನ ಗೃಹಸಾಲವು ಬೆಲೆಯ ಶೇಕಡಾ ೯೦ನ್ನು, ೩೦ರಿಂದ ೭೫ ಲಕ್ಷದವರೆಗಿನದು ಶೇಕಡಾ ೮೦ನ್ನು ಮೀರುವಂತಿಲ್ಲ. ಇದು ಗರಿಷ್ಠ ಮಿತಿ ಮಾತ್ರ. ಕಟ್ಟಡವು ಹಳೆಯದಾದಷ್ಟೂ ಬ್ಯಾಂಕಿನ ಕೈ ಬಿಗಿಯಾಗುತ್ತದೆ. ಮೇಲಾಗಿ ಮುದ್ರಾಂಕ ಮತ್ತು ನೋಂದಣಿಯ ವೆಚ್ಚವನ್ನು ಇಂಥ ಮನೆಯ ಬೆಲೆಯಲ್ಲಿ ಸೇರಿಸಲಾಗದು. ೨೦ ಲಕ್ಷ ಸಾಲ ದೊರೆತರೂ ನಮ್ಮ ಉದಾಹರಣೆಯ ಕೊಳ್ಳುಗನ ಕೈಯಿಂದ ೯,೭೫,೦೦೦ ರೂಪಾಯಿ ಹೊರಡಬೇಕಾಯಿತು.

ಇನ್ನು ಬಡ್ಡಿಯ ಮಾತು. ೨೦ ಲಕ್ಷಕ್ಕೆ ಶೇಕಡಾ ೯ರ ದರದಲ್ಲಿ ೨೦ ವರುಷಗಳ ಅವಧಿಯಾದರೆ ತಿಂಗಳ ಕಂತು ಸುಮಾರು ೧೮,೦೦೦ ರೂಪಾಯಿ. ಕೊನೆಯವರೆಗೆ ತೆರುವ ಬಡ್ಡಿಯೇ ೨೩ ಲಕ್ಷಕ್ಕೆ ಮೀರುತ್ತದೆ. ಅವಧಿಯನ್ನು ೧೫ ವರುಷಕ್ಕೆ ಇಳಿಸಿದರೆ ಕಂತು ೨೦,೨೮೫ ರೂಪಾಯಿಯಾಗಿ, ಬಡ್ಡಿಯು ಹದಿನಾರೂವರೆ ಲಕ್ಷಕ್ಕೆ ಇಳಿಯುತ್ತದೆ. ತಿಂಗಳಿಗೆ ೨,೩೦೦ ರೂಪಾಯಿಯ ಹೆಚ್ಚಿನ ಬಿಗಿತದಿಂದ ಆರೂವರೆ ಲಕ್ಷಕ್ಕೂ ಮಿಕ್ಕಿದ ಉಳಿತಾಯವಾಗುವುದು ಸಣ್ಣ ವಿಷಯವಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವ ವ್ಯಕ್ತಿಗಳ ಮೇಲೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು ೨೦೧೨ರಲ್ಲಿ ಬ್ಯಾಂಕುಗಳಿಗೆ ಆಜ್ಞಾಪಿಸಿದೆ. ಆದುದರಿಂದ ದೀಪಾವಳಿಯ ಬೋನಸ್ಸನ್ನು ಅಸಲಿಗೆ ಕಟ್ಟುವುದೇ ಜಾಣತನ.

ಬಾಡಿಗೆಯು ಸಾಲವನ್ನು ತೀರಿಸುವುದೇ?

ಅದೇ ಫ್ಲ್ಯಾಟಿಗೆ ತಿಂಗಳಿಗೆ ೭,೫೦೦ ರೂಪಾಯಿ ಬಾಡಿಗೆ ಬರುವುದೆಂದು ಹಿಡಿಯಿರಿ. ವರುಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ೮೨,೫೦೦. ಸಂಘದ ತಿಂಗಳ ವೆಚ್ಚ ೧,೫೦೦ರಂತೆ ೧೮,೦೦೦. ಸಣ್ಣಪುಟ್ಟ ದುರಸ್ತಿಗೆ ೬,೦೦೦. ಕೈಯಲ್ಲಿ ಉಳಿಯುವುದು ೫೮,೫೦೦ ರೂಪಾಯಿ. ತೊಡಗಿಸಿದ ೨೯,೭೫,೦೦೦ಕ್ಕೆ ಇದು ಶೇಕಡಾ ೨ಕ್ಕೂ ತುಸು ಕಡಿಮೆ. ಸಾಲದ ಮೊದಲ ವರುಷದ ಬಡ್ಡಿಯೊಂದೇ ೧,೭೮,೦೦೦ ರೂಪಾಯಿಗಳಷ್ಟಿರುವಾಗ, ಬಾಡಿಗೆಯು ಸಾಲವನ್ನು ತೀರಿಸುತ್ತದೆಂಬ ಮಾತಿಗೆ ಅರ್ಥವೆಲ್ಲಿ ಉಳಿಯಿತು? ಉಳಿದುದೆಲ್ಲವೂ ಬೆಲೆ ಏರುವುದೆಂಬ ಆಶೆಯ ಮೇಲೆ ನಿಂತಿದೆ. ಏರಬಹುದು, ಆದರೆ ಆ ಭರವಸೆಯನ್ನು ಯಾವ ದಲ್ಲಾಳಿಯೂ ಬರೆದು ಕೊಡಲಾರ.

ದುರಸ್ತಿ ಮಾಡಿ ಕೂಡಲೇ ಮಾರಿಬಿಡುತ್ತೇನೆಂದು ಹೊರಟವರಿಗೂ ಇದೇ ಎಚ್ಚರಿಕೆ. ಕೊಂಡಾಗ ತೆತ್ತ ಮುದ್ರಾಂಕದ ಹಣ ಮರಳಿ ಬರುವುದಿಲ್ಲ. ೨೪ ತಿಂಗಳೊಳಗೆ ಮಾರಿದರೆ ಲಾಭವು ಇತರ ಆದಾಯದೊಡನೆ ಸೇರಿ ಅದೇ ದರದಲ್ಲಿ ತೆರಿಗೆಗೆ ಒಳಗಾಗುತ್ತದೆ. ಆ ಅವಧಿ ದಾಟಿದ ಮೇಲೆ ಮಾರಿದರೆ, ೨೦೨೪ರ ಜುಲೈ ೨೩ರಿಂದ ಬಂದ ವ್ಯವಸ್ಥೆಯಂತೆ ಶೇಕಡಾ ೧೨.೫ ತೆರಿಗೆ.

ಹಾಗಾದರೆ ಕೊಳ್ಳುವುದೇ ಬೇಡವೇ? ಹಾಗಲ್ಲ. ಈ ಲೆಕ್ಕವು ಹೇಳುವುದು ಇಷ್ಟೇ: ಮೊದಲನೆಯ ಮನೆಯನ್ನು ಬಾಡಿಗೆಗಾಗಿ ಅಲ್ಲ, ವಾಸಕ್ಕಾಗಿ ಕೊಳ್ಳಬೇಕು. ಆಗ ತಾನು ತೆರುತ್ತಿದ್ದ ಬಾಡಿಗೆಯೂ ಉಳಿಯುತ್ತದೆ, ಮನೆ ಬದಲಿಸುವ ಅಲೆದಾಟವೂ ತಪ್ಪುತ್ತದೆ, ಬೆಲೆ ಏರದಿದ್ದರೂ ತಲೆಯ ಮೇಲೆ ಸೂರು ಇರುತ್ತದೆ. ಬಾಡಿಗೆಗೆ ಕೊಡುವ ಎರಡನೆಯ ಮನೆಯನ್ನು, ಮೊದಲನೆಯ ಸಾಲ ತೀರಿದ ಮೇಲೆ, ಬಹುಪಾಲು ಸ್ವಂತ ಉಳಿತಾಯದಿಂದ ಕೊಳ್ಳಬೇಕು. ಕಂತು ಕಟ್ಟಿದ ಮೇಲೂ ಆರು ತಿಂಗಳ ಸಂಸಾರದ ವೆಚ್ಚವು ಕೈಯಲ್ಲಿ ಉಳಿಯದವನು ಇನ್ನೂ ಕೊಂಚ ಕಾಲ ಕಾಯುವುದೇ ಕ್ಷೇಮ.

ಕಾಗದಗಳ ಪರೀಕ್ಷೆ

ಗೋಡೆಯನ್ನು ನೋಡುವ ಮೊದಲು ಕಾಗದಗಳನ್ನು ನೋಡಬೇಕು. ಕಟ್ಟಡ ಕಟ್ಟಿದವನಿಂದ ಮೊದಲು ಕೊಂಡಾತನ ಕರಾರಿನಿಂದ ಹಿಡಿದು ಇಂದಿನ ಮಾರಾಟಗಾರನವರೆಗೆ ಪ್ರತಿಯೊಂದು ಕೈಬದಲಿನ ನೋಂದಾಯಿತ ದಸ್ತಾವೇಜು ಸರಪಳಿಯಂತೆ ಕೂಡಿರಬೇಕು. ನಡುವೆ ಒಂದು ಕೊಂಡಿ ತಪ್ಪಿದ್ದರೂ ಮುಂದೆ ನಾವು ಮಾರುವಾಗ ಆ ತೊಡಕು ನಮ್ಮ ಕೊರಳಿಗೆ ಬೀಳುತ್ತದೆ. ಸಹಕಾರಿ ಸಂಘದ ಶೇರು ಪತ್ರವು ಮಾರುವವನ ಹೆಸರಿನಲ್ಲಿಯೇ ಇದೆಯೇ, ಸಂಘಕ್ಕೂ ನಗರಪಾಲಿಕೆಗೂ ಬಾಕಿ ಇಲ್ಲವೇ, ಪಾಲಿಕೆಯು ಕಟ್ಟಡಕ್ಕೆ ವಾಸದ ಪ್ರಮಾಣಪತ್ರವನ್ನು ಕೊಟ್ಟಿದೆಯೇ, ಮೂಲ ಕಾಗದಗಳು ಯಾವುದಾದರೂ ಬ್ಯಾಂಕಿನಲ್ಲಿ ಅಡವಿವೆಯೇ ಎಂಬುದನ್ನು ವಿಚಾರಿಸಬೇಕು. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಮೂವತ್ತು ವರುಷಗಳ ದಾಖಲೆಯನ್ನು ಹುಡುಕಿಸಲು ವಕೀಲರಿಗೆ ತೆರುವ ಹಣವು ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚ. ಕರಾರಿಗೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಒಪ್ಪಿಸಬೇಕೆಂಬುದನ್ನು ಮರೆಯಬಾರದು. ಬೆಲೆಯು ೫೦ ಲಕ್ಷ ಅಥವಾ ಅದಕ್ಕೂ ಮೇಲಾದರೆ ಕೊಳ್ಳುವವನೇ ಶೇಕಡಾ ೧ನ್ನು ಮುರಿದುಕೊಂಡು ಆದಾಯ ತೆರಿಗೆಯ ಖಾತೆಗೆ ಕಟ್ಟಬೇಕು.

ಮೂರು ಬಗೆಯ ಅಗ್ಗದ ಕೊಡುಗೆಗಳ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು.

ಮೊದಲನೆಯದು ಮುಖ್ತ್ಯಾರ ಪತ್ರದ ಮಾರಾಟ. ದಿಲ್ಲಿಯಲ್ಲಿಯೂ ಸುತ್ತಲಿನ ಪ್ರದೇಶದಲ್ಲಿಯೂ ಒಂದು ಕಾಲಕ್ಕೆ ಬಹಳವಾಗಿ ಬಳಕೆಯಲ್ಲಿದ್ದ ಈ ಪದ್ಧತಿಯಿಂದ ಒಡೆತನವು ವರ್ಗವಾಗುವುದಿಲ್ಲವೆಂದು ಸುಪ್ರೀಮ್ ಕೋರ್ಟು ೨೦೧೧ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ನೋಂದಾಯಿತ ಮಾರಾಟಪತ್ರಕ್ಕೆ ಬದಲಿಯಿಲ್ಲ.

ಎರಡನೆಯದು ಪಗಡಿಯ ಕೋಣೆ. ಗಿರಗಾಂವ್, ಪರೇಲ್, ಲಾಲ್‌ಬಾಗ್‌ಗಳ ಹಳೆಯ ಚಾಳುಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಇಂಥ ಕೋಣೆಯನ್ನು ಕೊಂಡವನು ಒಡೆಯನಾಗುವುದಿಲ್ಲ. ಬಾಡಿಗೆದಾರನ ಹಕ್ಕನ್ನು ಮಾತ್ರ ಪಡೆಯುತ್ತಾನೆ. ೨೦೦೦ದ ಮಾರ್ಚ್ ೩೧ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಪಗಡಿಯ ಹಣವನ್ನು ಕೊಳ್ಳುಕೊಡುವುದಕ್ಕೆ ಸಮ್ಮತಿ ನೀಡಿದೆಯಾದರೂ, ಮನೆಯೊಡೆಯನ ಒಪ್ಪಿಗೆಯಿಲ್ಲದೆ ಹಕ್ಕು ಕೈಬದಲಾಗದು. ಅವನಿಗೂ ಒಂದು ಪಾಲು ಸಲ್ಲಬೇಕಾಗುತ್ತದೆ. ಇದಕ್ಕೆ ಬ್ಯಾಂಕಿನ ಸಾಲವೂ ಸುಲಭವಲ್ಲ.

ಮೂರನೆಯದು ಪರವಾನಗಿಯಿಲ್ಲದ ಹೊಸ ಕಟ್ಟಡ. ರೇರಾ ಎಂದು ಹೆಸರಾದ ೨೦೧೬ರ ಕಾಯಿದೆಯಂತೆ, ನೋಂದಾಯಿತ ಕರಾರಿಗೆ ಮೊದಲು ಕಟ್ಟುವವನು ಬೆಲೆಯ ಶೇಕಡಾ ೧೦ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಆದರೆ ರೇರಾ ಸಂಖ್ಯೆಯೊಂದನ್ನೇ ನಂಬಿದರೂ ಸಾಲದು. ಕಲ್ಯಾಣ-ಡೊಂಬಿವಲಿಯಲ್ಲಿ ಪಾಲಿಕೆಯ ನಕಲಿ ಪರವಾನಗಿಗಳನ್ನು ತೋರಿಸಿ ರೇರಾ ನೋಂದಣಿ ಪಡೆದಿದ್ದ ೬೫ ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೪ರ ನವೆಂಬರದಲ್ಲಿ ಆಜ್ಞೆ ಮಾಡಿತು. ಅಲ್ಲಿ ಹಣ ತೊಡಗಿಸಿದವರಲ್ಲಿ ಬಹು ಮಂದಿ ನಮ್ಮಂತೆಯೇ ಸಣ್ಣ ವರಮಾನದವರು. ಆದುದರಿಂದ ಪರವಾನಗಿಯ ಪ್ರತಿಯನ್ನು ಹಿಡಿದುಕೊಂಡು ಪಾಲಿಕೆಯ ಕಚೇರಿಗೇ ಹೋಗಿ ತಾಳೆ ನೋಡಬೇಕು.

ಕಟ್ಟಡದ ಆಯುಷ್ಯ

ಫ್ಲ್ಯಾಟನ್ನು ಎಷ್ಟು ಸಿಂಗರಿಸಿದರೂ ಅದರ ಆಯುಷ್ಯವು ಕಟ್ಟಡದ ಆಯುಷ್ಯವನ್ನು ಮೀರದು. ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳಂತೆ, ೧೫ರಿಂದ ೩೦ ವರುಷದ ಕಟ್ಟಡವನ್ನು ಐದು ವರುಷಕ್ಕೊಮ್ಮೆಯೂ, ೩೦ ವರುಷ ದಾಟಿದುದನ್ನು ಮೂರು ವರುಷಕ್ಕೊಮ್ಮೆಯೂ ರಚನೆಯ ಭದ್ರತೆಯ ದೃಷ್ಟಿಯಿಂದ ತಜ್ಞರು ಪರೀಕ್ಷಿಸಬೇಕು. ಆ ವರದಿಯನ್ನು ಸಂಘದ ಕಾರ್ಯದರ್ಶಿಯಿಂದ ಕೇಳಿ ಪಡೆದು ಓದಿರಿ. ಮುಂಬಯಿ ಪಾಲಿಕೆಯು ಸಿ-೧ ಎಂದು ವರ್ಗೀಕರಿಸಿದ ಕಟ್ಟಡವು ಅತ್ಯಂತ ಅಪಾಯಕರವಾದುದು. ಅದನ್ನು ತೆರವು ಮಾಡಲೇಬೇಕು. ವರದಿಯೇ ಇಲ್ಲವೆಂದರೆ ಅದೂ ಒಂದು ಉತ್ತರವೇ ಸರಿ.

ಹಳೆಯ ಕಟ್ಟಡವು ಬೇಗನೆ ಪುನರ್ನಿರ್ಮಾಣವಾಗಿ ದೊಡ್ಡ ಫ್ಲ್ಯಾಟು ದೊರೆಯುವುದೆಂಬ ಆಶೆಯಿಂದಲೂ ಕೆಲವರು ಕೊಳ್ಳುತ್ತಾರೆ. ೨೦೧೯ರ ಸರಕಾರಿ ಆಜ್ಞೆಯಂತೆ ಸಂಘದ ಶೇಕಡಾ ೫೧ ಸದಸ್ಯರ ಸಮ್ಮತಿ ಸಾಕಾಗುತ್ತದೆ. ಆದರೂ ಸಮ್ಮತಿಯಿಂದ ಹೊಸ ಮನೆಯ ಬೀಗದಕೈಯವರೆಗಿನ ದಾರಿ ದೀರ್ಘವಾದುದು. ಆ ಆಶೆಗೆ ಈಗಲೇ ಬೆಲೆ ತೆರಬೇಕಾಗಿಲ್ಲ.

ಕಣ್ಣಿನಿಂದಲೇ ತಿಳಿಯಬಹುದಾದ ಸಂಗತಿಗಳೂ ಉಂಟು. ಕಂಬ ತೊಲೆಗಳ ಉದ್ದಕ್ಕೂ ಸಾಗಿದ ಬಿರುಕು, ತುಕ್ಕಿನ ಕಂದು ಕಲೆ, ಛಾವಣಿಯಿಂದ ಉದುರಿದ ಗಾರೆ, ಸಲಾಕೆಯ ದರ್ಶನ, ಇವು ಒಳಗಿನ ಕಬ್ಬಿಣ ಸವೆಯುತ್ತಿದೆಯೆಂಬುದರ ಗುರುತುಗಳು. ಸಾಧ್ಯವಾದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಮನೆ ನೋಡಲು ಹೋಗಬೇಕು. ಬೇಸಗೆಯಲ್ಲಿ ಯಾವ ಗೋಡೆಯೂ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಕೊನೆಯ ಅಂತಸ್ತಾದರೆ ಮಾಳಿಗೆಯನ್ನೂ, ನಡುವಿನದಾದರೆ ಮೇಲಿನವರ ಸ್ನಾನದ ಮನೆಯನ್ನೂ ನೋಡಬೇಕು. ನೆಲ ಅಂತಸ್ತಾದರೆ, ೨೦೦೫ರ ಜುಲೈ ೨೬ರಂದು ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳೆಯ ನಿವಾಸಿಗಳನ್ನು ಕೇಳಬೇಕು. ಸಾಂತಾಕ್ರೂಝಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರು ಮಳೆ ಸುರಿದ ಆ ದಿನವು ತಗ್ಗಿನ ನೆಲಗಳನ್ನೆಲ್ಲ ತೋರಿಸಿಕೊಟ್ಟಿದೆ.

ದುರಸ್ತಿಯ ಕ್ರಮ

ದುರಸ್ತಿಯಲ್ಲಿ ಕ್ರಮವೇ ಮುಖ್ಯ. ಮೊದಲು ನೀರು, ಆಮೇಲೆ ವಿದ್ಯುತ್ತು, ಅನಂತರ ಗಾರೆ ಮತ್ತು ನೆಲ, ಕಟ್ಟಕಡೆಗೆ ಬಣ್ಣ. ನಾನು ಇದನ್ನು ತಿರುವುಮುರುವು ಮಾಡಿ ಕೆಟ್ಟವನು.

ಹಳೆಯ ಕಬ್ಬಿಣದ ನಳಿಗೆಗಳು ಗೋಡೆಯೊಳಗೇ ತುಕ್ಕು ಹಿಡಿದಿರುತ್ತವೆ. ಹಾಸುಬಿಲ್ಲೆ ಕೂಡಿಸುವ ಮೊದಲೇ ಅವುಗಳನ್ನು ಬದಲಿಸಬೇಕು. ಸ್ನಾನದ ಮನೆಯ ನೆಲವನ್ನು ಕಿತ್ತು ಜಲನಿರೋಧಕ ಲೇಪವನ್ನು ಹಾಕಿಸಿದ ಮೇಲೆ, ನೀರು ಹೋಗುವ ಬಾಯಿಯನ್ನು ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗಿನವರ ಛಾವಣಿಯಲ್ಲಿ ತೇವ ಕಾಣಿಸುವುದೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆ ಮುಗಿಯದೆ ಬಿಲ್ಲೆ ಕೂಡಿಸಗೊಡಬಾರದು. ಮಾಳಿಗೆಯ ಸೋರಿಕೆಯನ್ನು ನಿಲ್ಲಿಸುವುದು ಸಂಘದ ಹೊಣೆ. ಅದಕ್ಕಾಗಿ ಬಾಯಿಮಾತು ಸಾಲದು, ಲಿಖಿತ ಅರ್ಜಿ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು.

ವಿದ್ಯುತ್ತಿನ ಹಳೆಯ ತಂತಿಗಳು ಇಂದಿನ ಶೀತಕ ಯಂತ್ರ, ಬಟ್ಟೆ ಒಗೆಯುವ ಯಂತ್ರಗಳ ಭಾರವನ್ನು ಹೊರಲಾರವು. ನೆಲಸಂಪರ್ಕದ ತಂತಿ ಸರಿಯಾಗಿದೆಯೇ ಎಂದು ನೋಡಿಸಿ, ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿದುಹಾಕುವ ಸಾಧನವನ್ನು ಜೋಡಿಸಬೇಕು. ಇದು ಶೋಭೆಯ ವೆಚ್ಚವಲ್ಲ, ಮಕ್ಕಳ ಜೀವದ ವೆಚ್ಚ. ಹೊಸ ಗಾರೆಗೆ ಕಡಿಮೆಯೆಂದರೂ ಏಳು ದಿನ ನೀರುಣಿಸಬೇಕು. ಅದು ಪೂರ್ತಿ ಒಣಗುವವರೆಗೆ ಕಾಯದೆ ಬಣ್ಣ ಬಳಿದರೆ ಬಣ್ಣ ನಿಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಕಂಬವನ್ನಾಗಲಿ ತೊಲೆಯನ್ನಾಗಲಿ ಮುಟ್ಟಕೂಡದು. ೨೦೧೭ರ ಜುಲೈ ೨೫ರಂದು ಘಾಟಕೋಪರದಲ್ಲಿ ನಾಲ್ಕಂತಸ್ತಿನ ಕಟ್ಟಡವೊಂದು ಕುಸಿದು ೧೭ ಮಂದಿ ಮಡಿದರು. ನೆಲ ಅಂತಸ್ತಿನ ನವೀಕರಣದಲ್ಲಿ ಕಂಬಗಳಿಗೆ ಕೈಹಾಕಿದುದೇ ಅದಕ್ಕೆ ಕಾರಣವೆಂಬ ಆರೋಪ ಬಂದಿತು. ಕೋಣೆಯನ್ನು ತುಸು ಅಗಲ ಮಾಡುವ ಆಶೆಗೆ ಮೇಲಿನ ಸಂಸಾರಗಳ ಪ್ರಾಣವನ್ನು ಪಣವಾಗಿಡುವ ಅಧಿಕಾರ ಯಾರಿಗೂ ಇಲ್ಲ. ಯಾವ ಗೋಡೆಯನ್ನು ತೆಗೆಯುವುದಿದ್ದರೂ ಅರ್ಹ ಇಂಜಿನಿಯರರ ಅಭಿಪ್ರಾಯವನ್ನೂ ಸಂಘದ ಲಿಖಿತ ಅನುಮತಿಯನ್ನೂ ಮೊದಲು ಪಡೆಯಬೇಕು. ಹಳೆಯ ನೆಲದ ಮೇಲೆಯೇ ಹೊಸ ಬಿಲ್ಲೆಗಳನ್ನು ಹೇರುತ್ತ ಹೋಗುವುದೂ ಕಟ್ಟಡಕ್ಕೆ ಭಾರವೇ.

ಗುತ್ತಿಗೆದಾರನೊಡನೆ ಕೆಲಸದ ಅಳತೆ, ಸಾಮಾನಿನ ಹೆಸರು, ದರ, ಅವಧಿ ಎಲ್ಲವನ್ನೂ ಬರೆಯಿಸಿ ಸಹಿ ಮಾಡಿಸಿಕೊಳ್ಳಿರಿ. ಕೆಲಸ ಮುಗಿದಂತೆ ಹಂತಹಂತವಾಗಿ ಹಣ ಕೊಟ್ಟು, ಹತ್ತರಲ್ಲಿ ಒಂದು ಪಾಲನ್ನು ಮೊದಲ ಮಳೆ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನೂ ಅದರಲ್ಲಿಯೇ ಸೇರಿಸಿರಿ. ಹಳೆಯ ಗೋಡೆಯನ್ನು ಒಡೆದಾಗ ಏನು ಹೊರಬೀಳುವುದೋ ಹೇಳಲಾಗದು. ಆದುದರಿಂದ ಅಂದಾಜಿನ ಐದರಲ್ಲಿ ಒಂದು ಪಾಲಿನಷ್ಟು ಹಣವನ್ನು ಬೇರೆಯಾಗಿ ತೆಗೆದಿರಿಸುವುದು ಲೇಸು. ಕೆಲಸಕ್ಕೆ ದಸರೆಯಿಂದ ಮೇ ತಿಂಗಳವರೆಗಿನ ಕಾಲವೇ ಪ್ರಶಸ್ತ.

ಬಾಡಿಗೆಗೆ ಕೊಡುವಾಗ

ಮುಂದೆಂದೋ ಎರಡನೆಯ ಮನೆ ಕೊಂಡು ಬಾಡಿಗೆಗೆ ಕೊಡುವ ಯೋಗ ಬಂದರೂ ಕಾಗದದ ಶಿಸ್ತು ತಪ್ಪಬಾರದು. ನಮ್ಮೂರ ಹುಡುಗ, ಗುರುತಿನವರ ಮಗ ಎಂಬ ಮಾತಿನ ಮೇಲೆ ಬೀಗದಕೈಯನ್ನು ಕೊಡುವ ಅಭ್ಯಾಸ ನಮ್ಮಲ್ಲಿದೆ. ಈ ಸೌಜನ್ಯ ಒಳ್ಳೆಯದೇ. ಆದರೆ ಮಹಾರಾಷ್ಟ್ರದ ಕಾಯಿದೆಯಂತೆ ಲೀವ್ ಎಂಡ್ ಲೈಸೆನ್ಸ್ ಕರಾರನ್ನು ಬರೆದು ನೋಂದಣಿ ಮಾಡಿಸುವುದು ಕಡ್ಡಾಯ. ಆ ಹೊಣೆ ಮನೆಯೊಡೆಯನದು. ನೋಂದಣಿಯಾಗದಿದ್ದರೆ, ಷರತ್ತುಗಳ ಕುರಿತು ವಾಸಿಸುವವನು ಹೇಳಿದುದನ್ನೇ ನ್ಯಾಯಾಲಯವು, ವಿರುದ್ಧ ಸಾಕ್ಷ್ಯವಿಲ್ಲದ ಪಕ್ಷದಲ್ಲಿ, ನಿಜವೆಂದು ತಿಳಿಯುತ್ತದೆ. ಮುದ್ರಾಂಕವಾದರೋ ಒಟ್ಟು ಬಾಡಿಗೆಯ ಶೇಕಡಾ ಕಾಲರಷ್ಟು ಮಾತ್ರ. ಸ್ವತಃ ವಾಸಿಸದ ಸದಸ್ಯನಿಂದ ಸಂಘವು ಪಡೆಯುವ ಹೆಚ್ಚಿನ ಶುಲ್ಕವು ಸೇವಾಶುಲ್ಕದ ಶೇಕಡಾ ೧೦ನ್ನು ಮೀರುವಂತಿಲ್ಲ. ಬಂದ ಬಾಡಿಗೆಯನ್ನು ಆದಾಯದಲ್ಲಿ ತೋರಿಸಲೇಬೇಕು. ಪಾಲಿಕೆಯ ತೆರಿಗೆಯನ್ನು ಕಳೆದು ಉಳಿದುದರಲ್ಲಿ ಶೇಕಡಾ ೩೦ಕ್ಕೆ ವಿನಾಯಿತಿ ಉಂಟು.

ಗೃಹಿಣಿಯ ಹೆಸರು

ಕೊನೆಯದಾಗಿ ಒಂದು ಸೂಚನೆ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಸ್ತ್ರೀಯರ ಹೆಸರಿನಲ್ಲಿಯೇ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ ೧ರ ರಿಯಾಯಿತಿ ೨೦೨೧ರಿಂದ ದೊರೆಯುತ್ತಿದೆ. ನಮ್ಮ ಉದಾಹರಣೆಯಲ್ಲಿ ಅದು ೨೫,೦೦೦ ರೂಪಾಯಿ. ರಿಯಾಯಿತಿಯ ಮಾತು ಹಾಗಿರಲಿ, ಮನೆಗಾಗಿ ತನ್ನ ಬಂಗಾರವನ್ನು ಕೊಟ್ಟವಳ ಹೆಸರು ಕಾಗದದಲ್ಲಿ ಇರುವುದು ನ್ಯಾಯ. ಸಂಘದಲ್ಲಿ ನಾಮನಿರ್ದೇಶ ಮಾಡಿದೊಡನೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ನಾಮನಿರ್ದೇಶಿತನು ಮನೆಯನ್ನು ವಾರಸುದಾರರ ಪರವಾಗಿ ವಹಿಸಿಕೊಳ್ಳುವವನೇ ಹೊರತು ಅದರಿಂದಲೇ ಒಡೆಯನಾಗುವುದಿಲ್ಲ. ಒಂದು ಉಯಿಲು ಬರೆದಿಡುವುದರಿಂದ ಮಕ್ಕಳ ನಡುವಣ ಎಷ್ಟೋ ಕಲಹಗಳು ತಪ್ಪುತ್ತವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವವನ ಕಷ್ಟವೂ ಅದಕ್ಕೆ ಕಡಿಮೆಯಲ್ಲವೆಂದು ಇಂದು ಸೇರಿಸಬಹುದು. ಡೊಂಬಿವಲಿಯ ಆ ಕೋಣೆಯಲ್ಲಿ ಈ ಲೇಖಕನ ಸಂಸಾರವು ಹನ್ನೆರಡು ವರುಷ ಬಾಳಿತು. ಮಾಳಿಗೆಯ ಸೋರಿಕೆ ನಿಂತು, ಗೋಡೆಗಳು ಒಣಗಿದ ಮೇಲೆ ಮತ್ತೊಮ್ಮೆ ಬಣ್ಣ ಬಳಿಸಿದೆವು, ಅದು ನಿಂತಿತು. ಆಶೆಯಿಂದಲ್ಲ, ಲೆಕ್ಕದಿಂದ ಕೊಂಡವರಿಗೆ ಈ ನಗರದಲ್ಲಿ ಇಂದಿಗೂ ಒಂದು ಕೋಣೆ ದೊರೆಯದೆ ಹೋಗದು. ಅವಸರಪಡದೆ ನೋಡಿರಿ, ಒಂದು ಮಳೆಗಾಲವನ್ನಾದರೂ ಕಾಯಿರಿ.